ಸಾಕ್ಷಿ ಹೇಳಿದ ಮೇಲೆ

ಟೊಂಗಾದ ಆ ಪುಟ್ಟ ದ್ವೀಪದಲ್ಲಿ ಭಾನುವಾರದ ಊಟ ಹಿತ್ತಲಿನ ಕುಳಿಯೊಲೆಯಿಂದ ಎಂದಿನ ಹಾಗೆ ಹದವಾಗಿ ಬೆಂದು ಬಂದಿತ್ತು. ಡಬ್ಬಿ ಮಾಂಸವನ್ನೂ ತೆಂಗಿನ ಹಾಲನ್ನೂ ಕೆಸುವಿನೆಲೆಯಲ್ಲಿ ಸುತ್ತಿ ಬೇಯಿಸಿದ ಪೊಟ್ಟಣಗಳು, ಮರಗೆಣಸು, ನೆರೆಮನೆಯವರು ಕೊಟ್ಟಿದ್ದ ಮೀನು. ಆದರೆ ಫೆಲೆಟಿ ಪ್ರಾರ್ಥನೆ ಮುಗಿಸಿ ಕಣ್ಣು ತೆರೆದವನು ತಟ್ಟೆಗೆ ಕೈ ಹಾಕಲಿಲ್ಲ. ಅವನು ಹಾಕದ ಹೊರತು ಚಾಪೆಯ ಮೇಲೆ ಕುಳಿತ ಉಳಿದವರೂ ಹಾಕುವ ಹಾಗಿರಲಿಲ್ಲ.

"ಯಾರು ಅವನು?" ಎಂದು ಕೇಳಿದ.

ಮಗಳ ತಟ್ಟೆಗೆ ಮೀನು ಬಡಿಸುತ್ತಿದ್ದ ಸೊಸೆ ಅಕೆಸಳ ಕೈ ಅಲ್ಲೇ ನಿಂತಿತು.

"ಲುಸಿಯಾನೆ, ಹೋಗಿ ಹಂದಿಗೆ ಸಿಪ್ಪೆ ಹಾಕಿ ಬಾ," ಎಂದಳು ಅತ್ತೆ ಲವಿನಿಯ.

"ಅಜ್ಜಿ, ನಂಗೆ ಹಸಿವು."

"ಹಂದಿಗೂ ಹಸಿವೇ. ಹೋಗು."

ಒಂಬತ್ತು ವರ್ಷದ ಹುಡುಗಿ ಮುಖ ಊದಿಸಿಕೊಂಡು ಎದ್ದು ಹೋದಳು. ಅವಳ ಹೆಜ್ಜೆಯ ಸದ್ದು ಹಿತ್ತಲು ದಾಟುವ ತನಕ ಮೂವರೂ ಕಾದರು.

ಬೆಳಕು ಹರಿಯುವ ಮುಂಚೆ ಚರ್ಚಿನಲ್ಲಿ ಸೇರಿದ ಸಾಕ್ಷಿಯ ಕೂಟದಲ್ಲಿ ನಡೆದದ್ದು ಇಷ್ಟು. ವಾರವಿಡೀ ತಮ್ಮ ಆತ್ಮ ಹೇಗಿತ್ತೆಂದು ಅಲ್ಲಿ ಒಬ್ಬೊಬ್ಬರಾಗಿ ಎದ್ದು ನಿಂತು ಹೇಳಬೇಕು. ಹೆಚ್ಚಿನವರು ಹೇಳುವುದು ಒಂದೇ ಮಾತು: ದೇವರ ಕೃಪೆಯಿಂದ ಬದುಕಿದ್ದೇನೆ, ಬಲಹೀನಳು, ನನಗಾಗಿ ಪ್ರಾರ್ಥಿಸಿ. ಅಕೆಸಳೂ ಮದುವೆಯಾಗಿ ಬಂದಾಗಿನಿಂದ ಹಾಗೇ ಹೇಳಿ ಕುಳಿತುಕೊಳ್ಳುತ್ತಿದ್ದಳು. ಈ ಸಲ ಎದ್ದು ನಿಂತಾಗ ಅವಳ ಬಾಯಿಗೆ ಆ ಮಾತು ಬರಲಿಲ್ಲ. "ಈ ವಾರ ನನ್ನ ಗಂಡನಲ್ಲದವರ ಮೇಲೆ ನನಗೆ ಮನಸ್ಸಾಯ್ತು. ಅವರು ಹತ್ತಿರವೇ ನಿಂತಿದ್ರು. ದೇವರು ನನಗೆ ಕಾಲು ಕೊಟ್ಟಿದ್ದ, ಓಡಿ ಬಂದೆ. ಅದಕ್ಕೆ ಸ್ತೋತ್ರ," ಎಂದುಬಿಟ್ಟಳು. ಹೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಯಾರೂ ಆಮೆನ್ ಅನ್ನಲಿಲ್ಲ. ಬಹಳ ಹೊತ್ತಿನ ಮೇಲೆ ಹಿಂದಿನ ಸಾಲಿನ ಕಿವುಡು ಮುದುಕಿಯೊಬ್ಬಳು, ಅವಳಿಗೆ ಎಷ್ಟು ಕೇಳಿಸಿತ್ತೋ ಏನೋ, ಗಂಟಲು ಸರಿಮಾಡಿಕೊಂಡು "ಆಮೆನ್ ಮಗಳೇ" ಎಂದಳು. ಆ ಒಂದು ದನಿ ಹಿಡಿದುಕೊಂಡು ಅಕೆಸ ಮನೆಯವರೆಗೆ ನಡೆದು ಬಂದಿದ್ದಳು.

"ಮಾವ, ಏನೂ ಆಗಿಲ್ಲ," ಎಂದಳು ಈಗ.

"ಆಯ್ತಾ ಅಂತ ನಾನು ಕೇಳ್ಲಿಲ್ಲ. ಯಾರು ಅಂತ ಕೇಳ್ದೆ."

"ಅವರ ತಪ್ಪೇನಿಲ್ಲ. ಹೆಸರು ಹೇಳಿದ್ರೆ ಅವರಿಗೂ ಕೆಟ್ಟ ಹೆಸರು."

"ಓಹೋ, ಅವರ ಮಾನದ ಚಿಂತೆ ಬೇರೆ! ಈ ಮನೆ ಮಾನ?" ಫೆಲೆಟಿಯ ಗಡ್ಡ ನಡುಗಿತು. "ಪಾದ್ರಿ ಅಲ್ದಿದ್ರೂ ಮೂವತ್ತು ವರ್ಷದಿಂದ ಆ ಪೀಠ ಹತ್ತಿ ಪ್ರಸಂಗ ಮಾಡ್ತಿದೀನಿ. ಮುಂದಿನ ವಾರ ಯಾವ ಮುಖ ಇಟ್ಕೊಂಡು ಹತ್ಲಿ?"

"ಇರೋ ಮುಖ ಇಟ್ಕೊಂಡೇ ಹತ್ತಿ," ಎಂದಳು ಲವಿನಿಯ. "ಯಜಮಾನನ ಹೆಂಡ್ತಿ ಹಿಡಿದೆಳೆದಾಗ ಯೋಸೇಫ ಓಡಿ ಬಂದ ಅಂತ ನೀವೇ ಹೋದ ತಿಂಗಳು ಗಂಟೆಗಟ್ಲೆ ಪ್ರಸಂಗ ಮಾಡಿದ್ರಲ್ಲ. ಓಡಿ ಬಂದ ಯೋಸೇಫನ್ನ ಊಟಕ್ಕೆ ಕೂರಿಸಿ, ಯಾರಿಂದ ಓಡಿ ಬಂದೆ ಅಂತ ಯಾರಾದ್ರೂ ಕೇಳಿದ್ರಾ?"

"ಯೋಸೇಫನಿಗೆ ಮನಸ್ಸಾಗಿರ್ಲಿಲ್ಲ. ಇವಳಿಗೆ ಆಗಿತ್ತಂತೆ. ತಾನೇ ಹೇಳಿದ್ಲು, ಇಡೀ ಸಭೆ ಮುಂದೆ. ಆಶೆಯಿಂದ ನೋಡಿದವನು ಮನಸ್ಸಿನಲ್ಲಿ ಆಗಲೇ ವ್ಯಭಿಚಾರ ಮಾಡಿದ ಹಾಗೆ. ನನ್ನ ಮಾತಲ್ಲ, ಕರ್ತನ ಮಾತು."

"ಯೋಸೇಫನಿಗೆ ಆಗಿತ್ತೋ ಇಲ್ವೋ ನಿಮಗೇನು ಗೊತ್ತು? ಮನಸ್ಸೇ ಇಲ್ದಿದ್ರೆ ಮೈಮೇಲಿನ ಬಟ್ಟೆ ಬಿಟ್ಟು ಅಷ್ಟು ಜೋರಾಗಿ ಯಾಕೆ ಓಡ್ಬೇಕಿತ್ತು? ಮೆಲ್ಲಗೆ ನಡ್ಕೊಂಡು ಬರ್ತಿದ್ದ."

ಫೆಲೆಟಿ ತಟ್ಟೆಗೆ ಕೈ ಹಾಕಿದ. ಮರಗೆಣಸು ಮುರಿದು ಬಾಯಿಗೆ ಹಾಕಿಕೊಂಡ. ಊಟ ಶುರುವಾಯಿತು. ಅಕೆಸ ಮಾತ್ರ ಮಗಳ ಮೀನಿನ ಮುಳ್ಳು ಬಿಡಿಸುತ್ತಾ ಕುಳಿತಳು. ಅತ್ತೆ ತನ್ನ ಪಾಲಿನ ಎಳನೀರನ್ನು ಅವಳ ಮುಂದೆ ಸರಿಸಿದಳು.

ಅವಳು ಹೆಸರು ಹೇಳದ ಆ ಮನುಷ್ಯ ಸತೆಕಿ, ಶಾಲೆಯ ಮೇಷ್ಟ್ರು, ಸಭೆಯ ಗಾಯನದ ಗುರು. ಬೇರೆ ದ್ವೀಪದಿಂದ ಬಂದವನು, ಹೆಂಡತಿ ಸತ್ತವನು. ಎಲ್ಲ ದ್ವೀಪಗಳ ಚರ್ಚುಗಳು ಸೇರುವ ಚಳಿಗಾಲದ ಸಭಾ ಪರಿಷತ್ತಿಗೆಂದು ವಾರಕ್ಕೆ ಮೂರು ಸಂಜೆ ಹಾಡಿನ ಅಭ್ಯಾಸ ನಡೆಯುತ್ತಿತ್ತು; ಅಕೆಸಳೂ ಹಾಡುತ್ತಿದ್ದಳು. ಆ ಗುರುವಾರ ಅಭ್ಯಾಸ ಮುಗಿದು ಎಲ್ಲರೂ ಹೊರಟ ಮೇಲೆ ಅಕೆಸ ಚಾಪೆ ಸುತ್ತಿಡಲು ಉಳಿದಳು. ಆ ವಾರ ಅವಳ ಸರದಿ. ಅಷ್ಟರಲ್ಲಿ ಮಳೆ ಹಿಡಿಯಿತು. ಅವಳೂ ಸತೆಕಿಯೂ ಬಾಗಿಲಲ್ಲಿ ನಿಂತರು. ತಗಡಿನ ಮೇಲೆ ಮಳೆಯ ಸದ್ದಿಗೆ ಮಾತು ಕೇಳಿಸುವಂತಿರಲಿಲ್ಲ, ಆದ್ದರಿಂದ ಆಡಲಿಲ್ಲ. ಅವನ ತೋಳು ಅವಳ ತೋಳಿಗೆ ತಗುಲಿತು. ಅವನೂ ಹಿಂದೆಗೆಯಲಿಲ್ಲ, ಅವಳೂ ಹಿಂದೆಗೆಯಲಿಲ್ಲ. ಗಂಡ ಕೇಪು ಆಸ್ಟ್ರೇಲಿಯಾದ ಕಿತ್ತಳೆ ತೋಟಕ್ಕೆ ಹೋಗಿ ವರ್ಷ ಮೀರಿತ್ತು. ಆಮೇಲೆ ಅವಳು ಮಳೆಯೊಳಗೆ ಇಳಿದು, ಒಮ್ಮೆಯೂ ತಿರುಗಿ ನೋಡದೆ ಮನೆಯವರೆಗೂ ಓಡಿದಳು. ಅದರಾಚೆ ಏನೂ ಇರಲಿಲ್ಲ. ಆದರೆ ಆ ರಾತ್ರಿಯಿಂದ ಅವಳಿಗೆ ತನ್ನ ತೋಳನ್ನು ಕಂಡರೇ ಹೆದರಿಕೆ.

ಸೋಮವಾರ ನೇಯ್ಗೆಯ ಮನೆಗೆ ಅವಳು ಚಾಪೆ ನೇಯುವ ಕೇದಗೆ ಎಲೆಯ ಸುರುಳಿ ಹಿಡಿದು ಹೋದಾಗ ಹೆಂಗಸರ ಮಾತು ತಟ್ಟನೆ ನಿಂತಿತು. ಜಾಗ ಬಿಟ್ಟುಕೊಟ್ಟರು, ಅಗತ್ಯಕ್ಕಿಂತ ಹೆಚ್ಚೇ ಬಿಟ್ಟುಕೊಟ್ಟರು. ದೊಡ್ಡ ಚಾಪೆಯ ಒಂದು ಮೂಲೆಯಲ್ಲಿ ಅವಳೊಬ್ಬಳೇ ಕುಳಿತು ನೇಯ್ದಳು. ಎರಡು ಸಲ ಎಳೆ ತಪ್ಪಿ ಬಿಚ್ಚಬೇಕಾಯಿತು.

ಊರಿನಲ್ಲಿ ಹೆಸರು ಹುಡುಕುವ ಕೆಲಸ ಶುರುವಾಗಿತ್ತು. ಮೊದಲು ಅಂಗಡಿಯವನು ಎಂದರು. ಅಂಗಡಿಯವನ ಹೆಂಡತಿ ಅಕೆಸಳಿಗೆ ಸಕ್ಕರೆ ತೂಗಿ ಕೊಡುವಾಗ ಪೊಟ್ಟಣವನ್ನು ಕೈಗೆ ಕೊಡದೆ ಕಟ್ಟೆಯ ಮೇಲೆ ಇಟ್ಟಳು. ಆಮೇಲೆ ದೋಣಿಯ ಇಂಜಿನ್ ರಿಪೇರಿ ಮಾಡುವವನು ಎಂದರು. ಎರಡನೆಯ ವಾರ ಒಂದು ಮಧ್ಯಾಹ್ನ ಪಾದ್ರಿಯವರೇ ಟೋಪಿ ಕೈಯಲ್ಲಿ ಹಿಡಿದು ಮನೆಗೆ ಬಂದರು.

"ಫೆಲೆಟಿ, ಈಗ ನನ್ನ ಹೆಸರೂ ಓಡಾಡ್ತಿದೆಯಂತೆ," ಎಂದು ಚಾಪೆಯ ಮೇಲೆ ಕಷ್ಟಪಟ್ಟು ಕುಳಿತರು. "ನನ್ನ ಮಂಡಿ ನೋಡಿದವರು ಯಾರೂ ಹಾಗನ್ನಲ್ಲ."

ಲವಿನಿಯ ಫಕ್ಕನೆ ನಕ್ಕಳು. ಗಂಡ ನೋಡಿದ್ದಕ್ಕೆ ಬಾಯಿ ಮುಚ್ಚಿಕೊಂಡಳು.

ಪಾದ್ರಿಯವರು ಅಕೆಸಳ ಕಡೆ ತಿರುಗಿದರು. "ನೀನು ಹೇಳಿದ್ದು ಸರಿಯಾಗೇ ಇತ್ತು ಮಗಳೇ. ಕೇಳಿದವರು ಸರಿಯಾಗಿ ಕೇಳ್ಲಿಲ್ಲ. ಶೋಧನೆ, ಆ ಸೆಳೆತ, ಬಾಗಿಲು ತಟ್ಟೋದು ಪಾಪ ಅಲ್ಲ. ಒಳಗೆ ಕರೆದು ಚಾಪೆ ಹಾಕೋದು ಪಾಪ. ನೀನು ಹಾಕ್ಲಿಲ್ಲ."

"ಅಯ್ಯನವರೇ, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದೆ," ಎಂದಳು ಅವಳು, ತಲೆ ತಗ್ಗಿಸಿ.

"ಅದಕ್ಕೇ ಕ್ಷಮೆ ಅನ್ನೋದು ಇರೋದು. ಕೇಳಿದೀಯಲ್ಲ, ಸಿಕ್ಕಿದೆ." ಚಹಾ ಕುಡಿದು ಎದ್ದು ಹೋಗುವಾಗ ಟೋಪಿಯ ಅಂಚು ತಿರುಗಿಸುತ್ತಾ, "ಆದ್ರೂ, ಪರಿಷತ್ತು ಮುಗಿಯೋ ತನಕ ಗಾಯನಕ್ಕೆ ಬರ್ಬೇಡಮ್ಮ. ಜನ," ಎಂದರು.

ಸತೆಕಿಯ ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ. ಅವನು ಮುಂಚೆ ಶಾಲೆಗೆ ಹೋಗುವಾಗ ಇವರ ಬೇಲಿಯ ಪಕ್ಕದಲ್ಲೇ ಸೈಕಲ್ಲಿನಲ್ಲಿ ಹಾದು ಹೋಗುತ್ತಿದ್ದ. ಈಗ ದೂರವಾದರೂ ಸಮುದ್ರದ ಕಡೆಯ ಮರಳ ಹಾದಿ ಹಿಡಿಯುತ್ತಿದ್ದ. ಅಲ್ಲಿ ಸೈಕಲ್ ತುಳಿಯಲಾಗದೆ ತಳ್ಳಿಕೊಂಡೇ ಹೋಗಬೇಕು. ಬೆಳಿಗ್ಗೆ ಅಂಗಳ ಗುಡಿಸುವಾಗ ತೆಂಗಿನ ಮರಗಳ ನಡುವೆ ಅದನ್ನು ಕಂಡು ಅಕೆಸಳಿಗೆ ಕಣ್ಣು ತುಂಬಿತು. ಕಣ್ಣು ತುಂಬಿದ್ದಕ್ಕೆ ಮತ್ತೆ ಹೆದರಿಕೆಯಾಯಿತು. ಅಂದಿನಿಂದ ಗುಡಿಸುವಾಗ ಸಮುದ್ರಕ್ಕೆ ಬೆನ್ನು ಹಾಕಿ ಗುಡಿಸಿದಳು.

ಮೂರನೆಯ ವಾರದ ಹಡಗಿನಲ್ಲಿ ಕೇಪುವಿನ ಅಕ್ಕ ಫುಸಿ ಬಂದಿಳಿದಳು.

ಫುಸಿ ರಾಜಧಾನಿಯಲ್ಲಿ ಗಂಡನ ಜೊತೆ ಇದ್ದಳು; ಊರಿನಿಂದ ಅವಳಿಗೆ ಸುದ್ದಿ ಹೋಗಿತ್ತು. ಮಕ್ಕಳಿಲ್ಲ. ಅಲ್ಲಿನ ಸಭೆಯಲ್ಲಿ ವಯಸ್ಸಿಗೆ ಬಂದ ಹುಡುಗಿಯರಿಗೆ ಪರಿಶುದ್ಧ ನಡತೆಯ ಪಾಠ ಹೇಳುವವಳು. ತಂದೆಯ ಕಾಲುನೋವಿಗೆ ಮುಲಾಮು, ತಾಯಿಗೆ ಹೊಸ ಕನ್ನಡಕ, ಲುಸಿಯಾನೆಗೆ ಕೇಕು, ಬಿಳಿ ಕಾಲುಚೀಲ, ಪಟ್ಟಣದ ಶಾಲೆಯ ಸಮವಸ್ತ್ರ ತಂದಿದ್ದಳು. ಅಕೆಸ ಸಮವಸ್ತ್ರವನ್ನು ಎತ್ತಿ ಹಿಡಿದು ನೋಡಿದಳು; ಅಳತೆ ಮಗಳದೇ.

"ಶುಕ್ರವಾರದ ಹಡಗಿಗೆ ಹುಡುಗೀನ ಕರ್ಕೊಂಡು ಹೋಗ್ತೀನಿ," ಎಂದಳು ಫುಸಿ, ಊಟದ ನಡುವೆ, ಕೋಳಿಯ ತೊಡೆ ಮುರಿದು ಹುಡುಗಿಯ ತಟ್ಟೆಗೆ ಹಾಕುತ್ತಾ. "ನಮ್ಮನೇಲೇ ಇರ್ತಾಳೆ. ಕೇಪು ಹೂಂ ಅಂದಿದಾನೆ."

ತಂದೆಯ ಅಕ್ಕ ಕೇಳಿದ ಮೇಲೆ ಮುಗಿಯಿತು. ಟೊಂಗಾದ ಯಾವ ಮನೆಯಲ್ಲೂ ಅವಳ ಮಾತಿನ ಮೇಲೆ ಮಾತಿಲ್ಲ. ತಮ್ಮನ ಮಕ್ಕಳು ತಮ್ಮನಿಗಿಂತ ಮೊದಲು ಅವಳವರು. ಫೆಲೆಟಿ ತಟ್ಟೆ ನೋಡುತ್ತಾ ಕುಳಿತ. ಲವಿನಿಯಳ ಕೈ ಬಟ್ಟಲಿನೊಳಗೇ ಉಳಿಯಿತು.

"ಯಾವಾಗ ವಾಪಸ್ಸು, ಅತ್ತೆ?" ಎಂದಳು ಲುಸಿಯಾನೆ, ಬಾಯಿ ತುಂಬ ಕೋಳಿ.

"ರಜಕ್ಕೆ."

"ಅಮ್ಮನೂ ಬರ್ತಾಳಾ?"

"ಅಮ್ಮನಿಗೆ ಇಲ್ಲಿ ಕೆಲಸ ಇದೆ."

ಊಟದ ಪಾತ್ರೆಗಳನ್ನು ತೊಳೆಯಲು ಅಕೆಸ ನೀರಿನ ತೊಟ್ಟಿಯ ಬಳಿ ಹೋದಾಗ ಫುಸಿಯೂ ಒರೆಸುವ ಬಟ್ಟೆ ಹಿಡಿದು ಬಂದಳು. ಗಂಡನ ಅಕ್ಕ ಪಾತ್ರೆಗೆ ಕೈ ಹಾಕಬಾರದು. ಆದರೂ ಒರೆಸಲು ನಿಂತಳು.

"ಅಕ್ಕ, ಕೇಪುಗೆ ಯಾಕೆ ಅಂತ ಹೇಳಿದ್ರಾ?" ಎಂದು ಅಕೆಸ ಕೇಳಿದಳು.

"ಶಾಲೆ ಚೆನ್ನಾಗಿದೆ ಅಂದೆ. ಇನ್ನೇನು ಹೇಳ್ಲಿ? ಒಡಹುಟ್ಟಿದ ತಮ್ಮನ ಹತ್ರ ಈ ಮಾತು ಬಾಯಿ ಬಿಟ್ಟು ಆಡ್ಲಾ?"

ಆಡುವ ಹಾಗಿರಲಿಲ್ಲ. ಅಕ್ಕ ತಮ್ಮ ಒಂದೇ ಕೋಣೆಯಲ್ಲಿ ಕುಳಿತು ಸಿನಿಮಾ ಕೂಡ ನೋಡದ ಜನ ಇವರು. ಗಂಡು ಹೆಣ್ಣಿನ ಮಾತು ಬಂದರೆ ಇಬ್ಬರಲ್ಲಿ ಒಬ್ಬರು ಎದ್ದು ಹೊರಗೆ ಹೋಗಬೇಕು. ಹೀಗಾಗಿ ಅಕ್ಕ ಕಾರಣ ಹೇಳದೆ ಕೇಳಿದ್ದಳು, ತಮ್ಮ ಕಾರಣ ಕೇಳದೆ ಕೊಟ್ಟಿದ್ದ.

"ಏನೂ ನಡೆದಿಲ್ಲ ಅಕ್ಕ. ದೇವರಾಣೆ."

"ಆಣೆ ಇಡ್ಬೇಡ. ನಡೆದಿಲ್ಲ ಅಂತ ನಾನೂ ನಂಬ್ತೀನಿ." ಫುಸಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅಕೆಸಳನ್ನು ಹೆಚ್ಚು ಹೆದರಿಸಿತು. "ಆದ್ರೆ ಹುಡುಗಿ ದೊಡ್ಡವಳಾಗ್ತಿದಾಳೆ. ನಿಮ್ಮಮ್ಮ ಸಭೇಲಿ ಎದ್ದು ಏನಂದ್ಲು ಗೊತ್ತಾ ಅಂತ ನಾಳೆ ಯಾರೋ ಇವಳ ಮುಖಕ್ಕೆ ಹೇಳ್ತಾರೆ. ಪಟ್ಟಣದಲ್ಲಿ ಹೇಳೋರು ಇಲ್ಲ. ನನಗೆ ಮಗು ಇಲ್ಲದ್ದಕ್ಕೆ ಕೇಳ್ತಿದಾಳೆ ಅಂತ ಅಂದ್ಕೊಬೇಡ."

"ಅಂದ್ಕೊಂಡಿಲ್ಲ ಅಕ್ಕ."

"ಅಂದ್ಕೊಂಡಿದ್ರೂ ತಪ್ಪೇನಿಲ್ಲ," ಎಂದು ಫುಸಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಅತ್ತೆ ಸೊಸೆ ಇಬ್ಬರೂ ಕೇದಗೆ ಎಲೆ ಬೇಯಿಸುತ್ತಿದ್ದರು. ಹಂಡೆಯ ಹೊಗೆಗೆ ಇಬ್ಬರ ಕಣ್ಣಲ್ಲೂ ನೀರು.

"ನಿನ್ನ ಮಾವನ ಅಕ್ಕ ನಮ್ಮ ಎರಡನೆಯವನನ್ನ ಕೇಳಿದ್ರು," ಎಂದಳು ಲವಿನಿಯ, ಕೋಲಿನಿಂದ ಎಲೆ ಮಗುಚುತ್ತಾ. "ಇನ್ನೂ ಹಾಲು ಬಿಟ್ಟಿರ್ಲಿಲ್ಲ. ಹೂಂ ಅಂದೆ. ಅವತ್ತು ಹಡಗಿನ ಕಟ್ಟೆಗೂ ಹೋಗ್ಲಿಲ್ಲ ನಾನು, ಇಲ್ಲೇ ಕೂತು ಎಲೆ ಬೇಯಿಸ್ದೆ. ದೊಡ್ಡವನಾದ ಮೇಲೆ ಬಂದ. ಚೆನ್ನಾಗಿ ಬೆಳೆಸಿದ್ರು, ಅದರಲ್ಲಿ ಮಾತಿಲ್ಲ. ನನ್ನ ನೋಡಿ, ಚೆನ್ನಾಗಿದೀರಾ ಚಿಕ್ಕಮ್ಮ ಅಂದ."

ಅಕೆಸ ಒಲೆಗೆ ಸೌದೆ ನೂಕಿದಳು.

"ಕೇಪುಗೆ ನೀನೇ ಹೇಳು," ಎಂದಳು ಅತ್ತೆ. "ಅವನ ಅಕ್ಕ ಹೇಳೋಕಾಗಲ್ಲ. ನಾವು ಹೇಳಿದ್ರೆ ಚಾಡಿ ಆಗುತ್ತೆ."

"ಹೇಳಿದ್ರೆ ಅವರು ನನ್ನನ್ನೇ ಬಿಟ್ಬಿಟ್ರೆ?"

ಬಿಡುವುದಿಲ್ಲ ಎಂದು ಅತ್ತೆ ಹೇಳಲಿ ಎಂದು ಅಕೆಸ ಕಾದಳು. ಲವಿನಿಯ ಕೋಲನ್ನು ಹಂಡೆಯ ಅಂಚಿಗೆ ಒರಗಿಸಿದಳು.

"ನನ್ನ ಮಗನೇ. ಆದ್ರೂ ನಾನು ಹಾಗೆ ಮಾತು ಕೊಡಲ್ಲ," ಎಂದಳು ಕೊನೆಗೆ. "ಹೇಳ್ದೇ ಇದ್ರೆ ಶುಕ್ರವಾರ ಹುಡುಗಿ ಹೋಗ್ತಾಳೆ. ಅದೊಂದು ನನಗೆ ಗೊತ್ತು."

ಮಧ್ಯಾಹ್ನ ಬೆಂದ ಎಲೆಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಲು ಅಕೆಸ ಸಮುದ್ರಕ್ಕೆ ಹೋದಳು. ಮೊಣಕಾಲುದ್ದ ನೀರಿನಲ್ಲಿ ಕಟ್ಟುಗಳ ಮೇಲೆ ಕಲ್ಲು ಹೇರಿ, ದಡಕ್ಕೆ ಬಂದು, ಕೈ ಒರೆಸಿಕೊಂಡು ಫೋನು ತೆಗೆದಳು. ಅಲ್ಲಿ ತೋಟದಲ್ಲಿ ಊಟದ ಬಿಡುವಿನ ಹೊತ್ತು.

"ಏನಾಯ್ತು? ಅಪ್ಪ ಚೆನ್ನಾಗಿದಾರಾ?" ಕೇಪುವಿನ ದನಿಯಲ್ಲಿ ಗಾಬರಿ. ವಾರದ ನಡುವೆ ಅವಳು ಎಂದೂ ಮಾಡಿದವಳಲ್ಲ.

"ಎಲ್ಲರೂ ಚೆನ್ನಾಗಿದಾರೆ. ನಿಮಗೆ ಒಂದು ಹೇಳ್ಬೇಕು. ಮಧ್ಯ ಮಾತಾಡ್ಬೇಡಿ, ಆಮೇಲೆ ನನಗೆ ಹೇಳೋಕಾಗಲ್ಲ."

ಹೇಳಿದಳು. ಮಳೆ, ಬಾಗಿಲು, ತೋಳು, ಓಡಿ ಬಂದದ್ದು, ಸಾಕ್ಷಿಯ ಕೂಟ, ಅಕ್ಕ ಬಂದಿರುವುದು ಯಾಕೆ ಎಂಬುದು. ಆಚೆ ಕಡೆ ಯಾರೋ ನಗುವುದು, ಕಿತ್ತಳೆಯ ಪೆಟ್ಟಿಗೆಗಳನ್ನು ನೆಲಕ್ಕೆ ಇಳಿಸುವುದು ಕೇಳುತ್ತಿತ್ತು.

"ಯಾರು?" ಎಂದ ಕೇಪು.

"ಕೇಳ್ಬೇಡಿ."

"ಅವನು ಮುಟ್ಟಿದ್ನಾ?"

"ತೋಳು ತಗುಲ್ತು. ನಾನೂ ತೆಗೀಲಿಲ್ಲ. ಸುಳ್ಳು ಹೇಳಲ್ಲ. ಆಮೇಲೆ ಓಡಿ ಬಂದೆ."

ಅವನು ಉಸಿರಾಡುವುದು ಕೇಳಿಸಿತು. ಆಮೇಲೆ ಅದೂ ಕೇಳಿಸಲಿಲ್ಲ. ಫೋನು ಕಟ್ಟಾಗಿತ್ತು. ಅವಳು ಮತ್ತೆ ಮಾಡಿದಳು, ಅವನು ಎತ್ತಲಿಲ್ಲ. ನೀರು ಏರುತ್ತಿತ್ತು. ಎಲೆಯ ಒಂದು ಕಟ್ಟು ಕಲ್ಲಿನಡಿಯಿಂದ ಜಾರಿ ತೇಲಿಹೋಗುತ್ತಿದ್ದರೂ ಅವಳು ಏಳಲಿಲ್ಲ.

ಆ ಸಂಜೆ ಫೋನು ಬರಲಿಲ್ಲ. ಮರುದಿನ ಬೆಳಿಗ್ಗೆಯೂ ಬರಲಿಲ್ಲ. ಫುಸಿ ಲುಸಿಯಾನೆಯ ಬಟ್ಟೆಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ಹರಿದ ಒಂದು ಲಂಗವನ್ನು ತಾನೇ ಹೊಲಿದು ಹಾಕಿದಳು. ಅಕೆಸ ಅಡುಗೆ ಮಾಡಿದಳು, ಹಂದಿಗೆ ಹಾಕಿದಳು, ಮಾವನ ಪ್ರಸಂಗದ ಬಿಳಿ ಅಂಗಿಗೆ ಇಸ್ತ್ರಿ ಹಾಕಿದಳು. ಬಾಗಿಲ ಬಳಿ ಯಾರ ನೆರಳು ಬಂದರೂ ಬೆಚ್ಚಿದಳು. ಮಗಳು ಸಮವಸ್ತ್ರ ತೊಟ್ಟು ಅಂಗಳದಲ್ಲಿ ತಿರುಗಿ ತಿರುಗಿ ತೋರಿಸಿದಾಗ, "ಚೆನ್ನಾಗಿದೆ" ಎಂದಳು. ಆ ಮಾತು ಬೇರೆಯವರ ಬಾಯಿಂದ ಬಂದ ಹಾಗೆ ಕೇಳಿಸಿತು.

ಗುರುವಾರ ಸಂಜೆಯ ಪ್ರಾರ್ಥನೆ ಮುಗಿದು ಇನ್ನೂ ಯಾರೂ ಎದ್ದಿರಲಿಲ್ಲ. ಫೆಲೆಟಿಯ ಫೋನು ಹೊಡೆದುಕೊಂಡಿತು.

"ಅಪ್ಪ, ಎಲ್ಲರೂ ಇದೀರಾ? ಎಲ್ಲರಿಗೂ ಕೇಳೋ ಹಾಗೆ ಇಡಿ."

ಫೆಲೆಟಿ ಫೋನನ್ನು ಚಾಪೆಯ ನಡುವೆ ಇಟ್ಟ.

"ಅಕ್ಕ, ಇದೀರಾ?"

"ಇದೀನಪ್ಪ. ಊಟ ಆಯ್ತಾ?"

"ಅಕ್ಕ, ನೀವು ಏನು ಕೇಳಿದ್ರೂ ನಾನು ಇಲ್ಲ ಅಂದವನಲ್ಲ. ಈಗ್ಲೂ ಅನ್ನಲ್ಲ." ಅವನ ದನಿ ಒಡೆಯುತ್ತಿತ್ತು. "ಆದ್ರೆ ಅಪ್ಪ ಅಮ್ಮನ ಮುಂದೆ ನಾನು ಒಂದು ವಿಷಯ ಹೇಳ್ಬೇಕು. ನನ್ನ ಹೆಂಡ್ತಿ ವಿಷಯ, ನನ್ನ ವಿಷಯ. ಗಂಡಸಿನ ವಿಷಯ. ನೀವು ಕೂತಿರ್ತೀರಾ?"

ಫುಸಿಯ ಮುಖ ಕಿವಿಯವರೆಗೂ ಕೆಂಪಾಯಿತು. ಕೂತಿರುವುದಕ್ಕೆ ಆಗುತ್ತಿರಲಿಲ್ಲ. ಮರ್ಯಾದೆಗೆಂದು ಉಡುಪಿನ ಮೇಲೆ ಸೊಂಟಕ್ಕೆ ಕಟ್ಟಿದ್ದ ಚಾಪೆ ಸರಿಮಾಡಿಕೊಂಡು ಎದ್ದಳು. ಲುಸಿಯಾನೆಯ ಕೈ ಹಿಡಿದು ಹೊರಗೆ ನಡೆದಳು. ಕಿಟಕಿಯಿಂದ ಅಕೆಸಳಿಗೆ ಕಾಣುತ್ತಿತ್ತು: ಮಾತು ಕೇಳಿಸದಷ್ಟು ದೂರ, ಬೇಲಿಯ ತನಕ ಹೋಗಿ, ಮನೆಗೆ ಬೆನ್ನು ಹಾಕಿ ನಿಂತಳು.

"ಹೋದ್ರಾ?" ಎಂದ ಕೇಪು.

"ಹೋದ್ಲು, ಹೇಳು," ಎಂದಳು ತಾಯಿ.

"ಇಲ್ಲಿ ಶನಿವಾರ ಎಲ್ಲರೂ ವ್ಯಾನಿನಲ್ಲಿ ಪೇಟೆಗೆ ಹೋಗ್ತಾರೆ. ಕುಡೀತಾರೆ. ಹೆಂಗಸರಿರೋ ಕಡೆ ಹೋಗ್ತಾರೆ. ನಾನೂ ಒಂದ್ಸಲ ಹತ್ತಿ ಕೂತೆ ಅಪ್ಪ. ಒಳ್ಳೇ ಅಂಗಿ ಹಾಕ್ಕೊಂಡು, ತಲೆ ಬಾಚ್ಕೊಂಡು, ಹೋಗೋ ಮನಸ್ಸಿಂದಾನೇ ಕೂತೆ. ಗೇಟಿನ ಹತ್ರ ಇಳಿಸು ಅಂದೆ, ಇಳಿದು ಬಂದೆ. ಅವತ್ತಿಂದ ಶನಿವಾರ ಬಂದ್ರೆ ಎಲ್ಲರ ಬಟ್ಟೆ ನಾನೇ ಒಗೀತೀನಿ. ಸಾಯಂಕಾಲ ಪೂರ್ತಿ ಒಗೀತೀನಿ. ಕೆಲಸ ಕೈಲಿದ್ರೆ ವ್ಯಾನು ಹತ್ತಲ್ಲ ಅಂತ. ಇವರೆಲ್ಲ ನನ್ನನ್ನ ಅಜ್ಜಿ ಅಂತ ಕರೀತಾರೆ."

ಫೆಲೆಟಿ ಫೋನನ್ನು ಇನ್ನಷ್ಟು ಹತ್ತಿರ ಸರಿಸಿಕೊಂಡ.

"ಇಲ್ಲೂ ಸಾಕ್ಷಿ ಕೂಟ ಇದೆ. ನಾನು ಎದ್ದು, ಬಲಹೀನ, ಪ್ರಾರ್ಥಿಸಿ ಅಂತ ಹೇಳಿ ಕೂತ್ಕೋತೀನಿ. ಇವಳು ಹೇಳ್ಬಿಟ್ಲು. ಅಷ್ಟೇ ವ್ಯತ್ಯಾಸ. ಮಗು ಸಾಕೋಕೆ ಇವಳು ಯೋಗ್ಯಳಲ್ಲ ಅಂದ್ರೆ ನಾನೂ ಅಲ್ಲ. ಅಕ್ಕನಿಗೆ ಕೊಡಲ್ಲ ಅಂತ ನನ್ನ ಬಾಯಲ್ಲಿ ಬರಲ್ಲ ಅಪ್ಪ. ನೀವು ಹೇಳ್ತೀರೋ, ಬಿಡ್ತೀರೋ." ಸ್ವಲ್ಪ ತಡೆದು, "ಅಕೆಸ," ಎಂದ.

"ಹೂಂ."

"ನನಗೆ ಸಿಟ್ಟಿದೆ. ನಿನ್ನೆ ಇಡೀ ದಿನ ಯಾವ ಮರದ ಹಣ್ಣು ಕಿತ್ತೆ ಅಂತ ಗೊತ್ತಿಲ್ಲ. ಸಿಟ್ಟು ಹೋಗುತ್ತೋ ಇಲ್ವೋ ಅದೂ ಗೊತ್ತಿಲ್ಲ. ಈ ಸಲ ಕೆಲಸ ಮುಂದುವರಿಸಲ್ಲ. ಕೊಯ್ಲು ಮುಗಿದ ತಕ್ಷಣ ಬರ್ತೀನಿ."

"ಬನ್ನಿ," ಎಂದಳು ಅವಳು.

ಫೆಲೆಟಿ ಎದ್ದು, ಟೋಪಿ ಇಟ್ಟುಕೊಂಡು, ಗಂಡಸರು ಕಾವಾ ಬೇರಿನ ಪಾನೀಯ ಕುಡಿಯುವ ಕೂಟಕ್ಕೆ ಹೋದ. ಫುಸಿ ಒಳಗೆ ಬಂದು ಯಾರ ಮುಖವನ್ನೂ ನೋಡದೆ, "ಊಟಕ್ಕೆ ಬಡಿಸ್ತೀರಾ ಅಮ್ಮ?" ಎಂದಳು. ಚೀಲ ತುಂಬಿದ್ದು ಹಾಗೇ ಗೋಡೆಗೆ ಒರಗಿತ್ತು.

ಶುಕ್ರವಾರ ಬೆಳಗಾಯಿತು. ಚೀಲವನ್ನು ಫುಸಿ ಹೆಗಲಿಗೆ ಹಾಕಿಕೊಂಡಳು, ಹುಡುಗಿಯ ಕೈ ಹಿಡಿದುಕೊಂಡಳು. ಮನೆಯವರೆಲ್ಲ ಹಡಗಿನ ಕಟ್ಟೆಗೆ ನಡೆದರು. ತನ್ನ ಮಗನನ್ನು ಒಯ್ದ ದಿನ ಕಟ್ಟೆಗೆ ಹೋಗದಿದ್ದ ಲವಿನಿಯ ಈ ಸಲ ಎಲ್ಲರಿಗಿಂತ ಮುಂದಿದ್ದಳು. ಹಿಂದಿನಿಂದ ಬರುತ್ತಿದ್ದ ಅಕೆಸಳಿಗೆ ಮಗಳ ಬಿಳಿ ಕಾಲುಚೀಲ ಮಾತ್ರ ಕಾಣುತ್ತಿತ್ತು. ಮಾವ ಮಾತಾಡುತ್ತಾನೆಯೇ ಎಂದು ಪ್ರತಿ ತಿರುವಿನಲ್ಲೂ ನೋಡಿದಳು. ಅವನು ಕೋಲು ಊರಿಕೊಂಡು ನೆಲ ನೋಡುತ್ತಾ ನಡೆಯುತ್ತಿದ್ದ.

ಹಡಗಿನ ಬಾಯಿ ತೆರೆದು ಹಲಗೆ ಕಟ್ಟೆಯ ಮೇಲೆ ಇಳಿದಿತ್ತು. ಗೆಣಸಿನ ಮೂಟೆ, ಕಟ್ಟಿದ ಹಂದಿ, ಸುತ್ತಿದ ಚಾಪೆ ಒಳಗೆ ಹೋಗುತ್ತಿದ್ದವು. ಫುಸಿ ತಂದೆ ತಾಯಿಯ ಕೆನ್ನೆಗೆ ಕೆನ್ನೆ ತಾಗಿಸಿ, ಹುಡುಗಿಯೊಂದಿಗೆ ಹಲಗೆಯ ಮೇಲೆ ಹೆಜ್ಜೆ ಇಟ್ಟಳು.

"ಫುಸಿ," ಎಂದ ಫೆಲೆಟಿ.

"ಏನಪ್ಪ?"

ಅವನು ಗಂಟಲು ಸರಿಮಾಡಿಕೊಂಡ. ನಿನ್ನೆ ಮಗ ಹೇಳಿದ್ದು ಮಗಳೊಂದಿಗೆ ತಂದೆ ಆಡುವ ಮಾತೂ ಅಲ್ಲ. "ನಿಮ್ಮಮ್ಮನಿಗೆ ಸೊಂಟ ನೋವು. ಕೇದಗೆ ಹೊರೆ ಎತ್ತೋಕಾಗಲ್ಲ. ಹುಡುಗಿ ಇಲ್ಲೇ ಇದ್ರೆ ಕೈಗೆ ಆಗ್ತಾಳೆ."

ತನಗೆ ಸೊಂಟ ನೋವಿದೆಯೆಂಬುದು ಲವಿನಿಯಳಿಗೆ ಆಗಲೇ ತಿಳಿದದ್ದು. ಅವಳು ತಕ್ಷಣ ಸೊಂಟದ ಮೇಲೆ ಕೈ ಇಟ್ಟುಕೊಂಡಳು.

ಫುಸಿ ತಂದೆಯನ್ನು ನೋಡಿದಳು, ತಾಯಿಯ ಕೈಯನ್ನು ನೋಡಿದಳು. ಕರೆದುಕೊಂಡು ಹೋದರೆ ಈಗಲೂ ತಡೆಯುವವರಿಲ್ಲವೆಂದು ಕಟ್ಟೆಯ ಮೇಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಹಡಗು ಒಮ್ಮೆ ಕೂಗಿತು. ಅವಳು ಹಲಗೆಯಿಂದ ಇಳಿದು, ಹುಡುಗಿಯನ್ನು ಕರೆದುಕೊಂಡೇ ಅಕೆಸಳ ಬಳಿ ಬಂದಳು.

"ನಿನ್ನೆ ನಾನು ಹೊರಗಿದ್ದಾಗ ಅವನು ಏನು ಹೇಳಿದ ಅಂತ ನಾನು ಕೇಳೋ ಹಾಗಿಲ್ಲ," ಎಂದಳು ಮೆಲ್ಲಗೆ. "ಯಾವತ್ತೂ ಕೇಳೋ ಹಾಗಿಲ್ಲ. ಇಷ್ಟು ಹೇಳು. ನನ್ನ ತಮ್ಮ ಚೆನ್ನಾಗಿದಾನಾ?"

ಫುಸಿಯ ಕಣ್ಣಲ್ಲಿ ತನ್ನ ಕಣ್ಣಿನಲ್ಲಿದ್ದ ಹೆದರಿಕೆಯೇ ಇರುವುದನ್ನು ಅಕೆಸ ಆಗ ಕಂಡಳು.

"ಚೆನ್ನಾಗಿದಾರೆ ಅಕ್ಕ. ತುಂಬ ಒಳ್ಳೆಯವರಾಗೇ ಇದಾರೆ."

ಫುಸಿ ತಲೆಯಾಡಿಸಿದಳು. ಚೀಲವನ್ನು ಇಳಿಸಿ ಅಕೆಸಳ ಕಾಲ ಬಳಿ ಇಟ್ಟಳು. ಹುಡುಗಿಯ ನೆತ್ತಿಯನ್ನು ಮೂಸಿ, ಅವಳ ಕೈಯನ್ನು ತಾಯಿಯ ಕೈಗೆ ಹಾಕಿದಳು.

"ಇನ್ನೊಂದ್ಸಲ ಹಾಗೇನಾದ್ರೂ ಆದ್ರೆ ಸಭೇಲಿ ಹೇಳ್ಬೇಡ. ನನಗೆ ಫೋನ್ ಮಾಡು. ಹೆಂಗಸರು ಹೆಂಗಸರು ಆಡಬಹುದು. ಮೊದಲ ಹಡಗಿಗೇ ಬರ್ತೀನಿ."

"ಆಗ್ಲಿ ಅಕ್ಕ."

ಫುಸಿ ಹಲಗೆ ಹತ್ತಿ ಒಳಗೆ ಹೋದಳು. ಹಲಗೆ ಮೇಲೆದ್ದಿತು. ಬರುತ್ತೇನೆಂದದ್ದು ತನ್ನ ಜೊತೆ ಇರಲೋ, ಮಗುವನ್ನು ಒಯ್ಯಲೋ ಎಂದು ಕೇಳಬೇಕಿತ್ತೆಂದು ಅಕೆಸಳಿಗೆ ಆಗ ಹೊಳೆಯಿತು. ಹಡಗು ಹವಳದ ದಿಬ್ಬ ದಾಟಿ, ಚಿಕ್ಕದಾಗಿ, ಮರೆಯಾಗುವ ತನಕ ಅವಳು ಅಲ್ಲಿಂದ ಕದಲಲಿಲ್ಲ.

"ಅಮ್ಮ, ಕೈ ನೋಯ್ತಿದೆ," ಎಂದಳು ಲುಸಿಯಾನೆ.

ಅಕೆಸ ಹಿಡಿತ ಸಡಿಲಿಸಿದಳು. ಬಿಡಲಿಲ್ಲ.